ಆ ಫೋಟೋಕ್ಕೆ ಲೈಟ್ ಇಟ್ಟವರು ಯಾರು, ಮಲ್ಲಣ್ಣ?

ನಂಬಲಿಲ್ಲ...
ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ.

ಬೆಳಿಗ್ಗೆ ನಮ್ಮ ಫೋಟೋಗ್ರಾಫರ್ಸ್ ಗ್ರೂಪ್‌ನಲ್ಲಿ ಬಂತು... "ಧಾರವಾಡದ ಮಲ್ಲಣ್ಣ ಇನ್ನಿಲ್ಲ."
ಈ ಗ್ರೂಪ್‌ನ ಸುದ್ದಿ ನಂಬುವವನು ನಾನಲ್ಲ.
ಹೋದ ವರ್ಷ ಗಟ್ಟಿಮುಟ್ಟಾಗಿದ್ದ ಲ್ಯಾಬ್ ಮಾಲೀಕರಿಗೆ ಇದೇ ಗ್ರೂಪ್ ಹೂವಿನ ಹಾರ ಹಾಕಿತ್ತು. ಅವರೇ ಕೆಳಗೆ "ನಾ ಇನ್ನೂ ಅದೀನ್ರಿಪಾ" ಅಂತ ಬರೆಯಬೇಕಾಯಿತು.

ಅದಕ್ಕೇ ಸೀದಾ ಮಲ್ಲಣ್ಣನ ನಂಬರಿಗೇ ಫೋನ್ ಹಚ್ಚಿದೆ.
ಎತ್ತಿದ್ದು ಅವರ ತಮ್ಮ...
"ಖರೇನ್ರಿ. ಚಾ ಕುಡದು ಕುಂತಿದ್ರು, ಎದಿ ಹಿಡಕೊಂಡ್ರು. ದವಾಖಾನಿ ಮುಟ್ಟಲಿಲ್ರಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹುಬ್ಬಳ್ಳಿ-ಧಾರವಾಡದ ಮದುವೆಗಳಲ್ಲಿ ಕ್ಯಾಮೆರಾದ ತಲೆಯ ಮೇಲಿದ್ದ ಫ್ಲ್ಯಾಷ್ ತೆಗೆಸಿ, ಪಕ್ಕದ ಸ್ಟ್ಯಾಂಡಿಗೆ ಏರಿಸಲು ನಮಗೆಲ್ಲ ಕಲಿಸಿದವರು ಮಲ್ಲಣ್ಣ.
"ಎದುರಿಂದ ಹೊಡದ್ರ ಮಾರಿ ರೊಟ್ಟಿ ಆಗತೈತಿ. ಬಾಜೂದಿಂದ ಹೊಡಿ, ಮೂಗು ಕಾಣಲಿ" ಎನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ...
ಬೆಳಿಗ್ಗೆಯಿಂದ ನೀವೆಲ್ಲ ಸ್ಟೇಟಸ್ ಇಟ್ಟಿದ್ದೀರಲ್ಲ, ಆ ಫೋಟೋ.
ಬಿಳಿ ಅಂಗಿ, ಸಣ್ಣ ನಗು, ಹಿಂದೆ ಬೂದು ಬಣ್ಣ.
ಅದನ್ನು ತೆಗೆದವರು ಯಾರು?

ಮಲ್ಲಣ್ಣ ಯಾರ ಕ್ಯಾಮೆರಾ ಮುಂದೆಯೂ ಕೂತವರಲ್ಲ. ಗ್ರೂಪ್ ಫೋಟೋ ಎಂದರೆ ಚಹಾ ನೆಪ ಹೇಳಿ ಜಾರುತ್ತಿದ್ದರು.
ಮೊದಲು ಎಐ ಮಾಡಿದ್ದು ಅಂದುಕೊಂಡೆ.
ಆಮೇಲೆ ನಿಮ್ಮಲ್ಲೇ ಒಬ್ಬಿಬ್ಬರ ಮೇಲೆ ಡೌಟ್ ಬಂತು. ಹೆಸರು ಬೇಡ, ನಿಮಗೇ ಗೊತ್ತು.
ನನಗೆ ಸಿಗದ ಅವಕಾಶ ಯಾರಿಗೆ ಸಿಕ್ಕಿತು ಎಂದು ಹೊಟ್ಟೆ ಉರಿಯಿತು. ಹೌದು... ಸಾವಿನ ದಿನವೂ ಉರಿಯಿತು.

ಸಾವಾದ ಮನೆಯವರ ಹತ್ತಿರ ಕೇಳಬಾರದಿತ್ತು. ಕೇಳಿದೆ.
"ಅಣ್ಣನ ಫೋನ್‌ನಾಗ ಇತ್ರಿ" ಎಂದು ಮಲ್ಲಣ್ಣನ ತಮ್ಮ ಒರಿಜಿನಲ್ ಫೈಲ್ ಕಳಿಸಿದರು.
ಝೂಮ್ ಮಾಡಿದೆ. ಸೀದಾ ಕಣ್ಣಿಗೆ.
ಕಣ್ಣ ಗುಡ್ಡೆಯಲ್ಲಿ ಲೈಟಿನ ಆಕಾರ ಬೀಳುತ್ತದೆ... ಛತ್ರಿ ಇಟ್ಟಿದ್ದರೆ ಛತ್ರಿ, ಕಿಟಕಿ ಇದ್ದರೆ ಕಿಟಕಿ.
"ಯಾರು ತಗದಾರ ಅಂತ ಊರಾಗ ಕೇಳಬ್ಯಾಡ, ಕಣ್ಣಾಗ ನೋಡು." ಇದನ್ನು ಕಲಿಸಿದವರೂ ಅವರೇ.

ನೋಡಿದೆ...
ಎಂಟು ಮೂಲೆಯ ಸಾಫ್ಟ್‌ಬಾಕ್ಸ್, ಲೈಟಿನ ಮುಂದೆ ಛತ್ರಿಯಂತೆ ಬಿಚ್ಚುವ ಬಟ್ಟೆಯ ಗೂಡು. ಒಂದು ಮೂಲೆ ಒಳಗೆ ಕುಸಿದಿದೆ. ಅದರ ಮೇಲೆ ಅಡ್ಡಕ್ಕೆ ಕಪ್ಪು ಟೇಪು.

ಮಲ್ಲಣ್ಣ...
ಅದು ನನ್ನದಲ್ಲೇನ್ರಿ?

ನಾನು ಸಾಫ್ಟ್‌ಬಾಕ್ಸ್ ಸಮೇತ ಆ ದೊಡ್ಡ ಸ್ಟ್ರೋಬ್ ಲೈಟು ಕೊಳ್ಳುವಾಗ ನೀವು ಎಷ್ಟು ಬೈದಿರಿ.
"ಲಗ್ನದಾಗ ಪ್ಲಗ್ ಹುಡಕೂದ್ರಾಗ ತಾಳಿ ಕಟ್ಟಿ ಮುಗದಿರತೈತಿ. ಸಣ್ಣ ಫ್ಲ್ಯಾಷ್ ತಗೋ, ಸೆಲ್ ಹಾಕು, ಬ್ಯಾಗಿನ್ಯಾಗ ಇಟ್ಕೊಂಡು ಅಡ್ಡಾಡು."
ನಾನು ಕೇಳಲಿಲ್ಲ. ನನಗೆ ಆ ಮೆತ್ತಗಿನ ಬೆಳಕು ಬೇಕಿತ್ತು. ನಾನು ಬೆಳೆಯುವುದು ನಿಮಗೆ ಬೇಕಿಲ್ಲ ಅಂತಲೂ ಅನಿಸಿತ್ತು.
ಬೈರಿದೇವರಕೊಪ್ಪದ ಆ ಮದುವೆಯಲ್ಲಿ ಬೀಗರ ಕಾಕಾ ಒಬ್ಬರು ವೈರ್ ಎಡವಿದರು. ಸ್ಟ್ಯಾಂಡ್ ಸಮೇತ ಎಲ್ಲ ನೆಲಕ್ಕೆ ಬಿತ್ತು. ಸಾಫ್ಟ್‌ಬಾಕ್ಸಿನ ಕಡ್ಡಿ ಮುರಿಯಿತು.
ಮಂಟಪದ ತುಂಬ ಕೇಳುವಂತೆ ನಕ್ಕವರು ನೀವು!
"ನಿನ್ನ ಛತ್ರಿ ಮುರೀತಲೇ" ಎಂದಿರಿ.

ನಾನು ಟೇಪು ಸುತ್ತಿ ಸ್ಟುಡಿಯೋದಲ್ಲೇ ಇಟ್ಟುಕೊಂಡೆ.
ಆಮೇಲೆ ಎಷ್ಟೋ ಪೋರ್ಟ್ರೇಟ್ ನಿಮಗೆ ಕಳಿಸಿದೆ. ಬ್ಲೂ ಟಿಕ್ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.
"ಛಲೋ ಬಂದೈತಿ"... ಇಷ್ಟು ಹೇಳಿದ್ದರೆ ಸಾಕಿತ್ತು ಅಣ್ಣಾ. ಈ ಕೆಲಸದಲ್ಲಿ ನನಗೆ ನಿಮ್ಮದೊಂದು ಮಾತೇ ಬೇಕಾಗಿತ್ತು. ಇನ್ನು ಅದು ಬರುವುದಿಲ್ಲ ಎಂದು ಬೆಳಿಗ್ಗೆ ಅತ್ತದ್ದು.

ಆ ಲೈಟು ಕಮರಿಪೇಟೆಯ ನನ್ನ ಸ್ಟುಡಿಯೋ ಬಿಟ್ಟು ಹೋಗಿಲ್ಲ.
ನಾನು ಆರ್ಡರಿಗೆ ಹೋದಾಗ ಅಲ್ಲಿ ಕೂರುವವಳು ನನ್ನ ಹೆಂಡತಿ ಸುಮಾ. ಪಾಸ್‌ಪೋರ್ಟ್ ಫೋಟೋ ಅವಳೇ ತೆಗೆಯುತ್ತಾಳೆ.
ಅಂದರೆ ಕಳ್ಳರು ಮನೆಯಲ್ಲೇ ಇದ್ದಾರೆ!

ಫೋನ್ ಮುಂದೆ ಹಿಡಿದು ಕೇಳಿದೆ, "ಇದು ಯಾರು ತಗದದ್ದು?"
ಅವಳ ಕಣ್ಣುಗಳು ಮೊದಲೇ ಕೆಂಪಾಗಿದ್ದವು.
"ನಾನ."
"ಯಾವಾಗ?"
"ನೀವು ಸುಳ್ಳ ಊರಾಗ ಕೂಸಿನ ಜವಳದ ಆರ್ಡರಿಗೆ ಹೋಗಿದ್ರಲ್ಲ, ಅವತ್ತ. ನೀವು ಇಲ್ಲಂತ ಫೋನ್ ಮಾಡಿ ಖಾತ್ರಿ ಮಾಡ್ಕೊಂಡ ಬಂದ್ರು. ಎದಿ ಡಾಕ್ಟರ್ ಹತ್ರ ಹೋಗಿ ಸೀದಾ ಇಲ್ಲೇ ಬಂದಿದ್ರಂತ. 'ಒಂದು ಫೋಟೋ ಬೇಕವ್ವಾ, ಮುಂದ ಬೇಕಾಗತೈತಿ' ಅಂದ್ರು."

ನನ್ನ ಅನುಮಾನ ಅಲ್ಲಿಗೂ ನಿಲ್ಲಲಿಲ್ಲ.
ಮಲ್ಲಣ್ಣ ಎಲ್ಲಿ ಹೋದರೂ ಹೆಗಲ ಮೇಲೆ ಫ್ಲ್ಯಾಷಿನ ಬ್ಯಾಗ್ ಇರುತ್ತಿತ್ತು.
"ಅವರು ತಮ್ಮ ಫ್ಲ್ಯಾಷೂ ಹಚ್ಚಿಸಿದ್ರೇನು?"
"ಇಲ್ರಿ. ಬ್ಯಾಗ್ ಬಾಗಲದಾಗ ಇಟ್ಟು ಬಂದ್ರು, ಬಿಚ್ಚಲೇ ಇಲ್ಲ. ನಿಮ್ಮ ಲೈಟಿನ ಮುಂದ ತಾವ ಸ್ಟೂಲ್ ಎಳಕೊಂಡು ಕುಂತ್ರು. 'ಅಂವದು ಹಚ್ಚವ್ವಾ' ಅಂದ್ರು."

ಮತ್ತೆ ಫೋನ್ ತೆಗೆದು ಆ ಕಣ್ಣಿಗೇ ಝೂಮ್ ಮಾಡಿದೆ.
ಅವಳೇ ಹೇಳಿದಳು...
"'ಅವಗ ಹೇಳಬ್ಯಾಡ, ಊರ ತುಂಬ ಡಂಗುರ ಹೊಡೀತಾನ' ಅಂದಿದ್ರು. ಅದಕ್ಕ ಹೇಳಿಲ್ರಿ."

ಸರಿಯಾಗಿಯೇ ಅಂದಿದ್ದೀರಿ ಮಲ್ಲಣ್ಣ.
ಡಂಗುರ ಹೊಡೆಯುತ್ತಿದ್ದೇನೆ.
ಕೇಳಿಸಿಕೊಳ್ಳಿ ಎಲ್ಲರೂ... ಇಡೀ ಧಾರವಾಡ ಇವತ್ತು ಕೈಮುಗಿಯುತ್ತಿರುವ ಆ ಮುಖದ ಮೇಲೆ ಬಿದ್ದಿರುವುದು ನನ್ನ ಮುರುಕು ಛತ್ರಿಯ ಬೆಳಕು. ಅದನ್ನು ಆರಿಸಿಕೊಂಡವರು ಅವರೇ.

ನಡೀರಿ ಅಣ್ಣಾ...
ಇಷ್ಟು ವರ್ಷ ಹೊತ್ತ ಬ್ಯಾಗ್ ಇಳಿಸಿದ ಹೆಗಲಿಗೆ ಶಿವ ಸುಖವಾದ ನಿದ್ದೆ ಕೊಡಲಿ. 🙏