ಲೈಫ್‌ಬೋಟಿನಲ್ಲಿ ಇಪ್ಪತ್ತು ಸೀಟು ಕಡಿಮೆ

ಆಫೀಸಿನಲ್ಲಿ ಅವಳಿಗೆ ಕೊಂಡಿಯಕ್ಕ ಎಂದೇ ಹೆಸರು. ಯಾರು ಯಾವ ಅಂಕಿ ಹೇಳಿದರೂ "ಇದರ ಕೊಂಡಿ ಯಾವುದಕ್ಕೆ?" ಎಂದು ಕೇಳದೆ ಬಿಡುವವಳಲ್ಲ. ಕೆಲಸವೂ ಅಂಥದೇ. ನಡುಗಡಲಿನಲ್ಲಿ ಎಣ್ಣೆ ತೆಗೆಯುವ ಕಟ್ಟೆಯನ್ನು, ಒಂದು ಬೋಲ್ಟೂ ಬಿಗಿಯುವ ಮೊದಲೇ, ಕಂಪ್ಯೂಟರಿನೊಳಗೆ ಮಾಡೆಲ್ ಮಾಡಿ ನಿಲ್ಲಿಸುವುದು. ಬಾವಿ, ಪೈಪು, ಪಂಪು, ಕೆಲಸಗಾರರ ಮಂಚ, ಒಂದೊಂದನ್ನೂ ಇನ್ನೊಂದಕ್ಕೆ ಗೆರೆ ಎಳೆದು ಕಟ್ಟುವುದು. ಒಂದು ಬದಲಾಗಿ ಇನ್ನೊಂದು ಅದಕ್ಕೆ ಹೊಂದದಿದ್ದರೆ ಗೆರೆ ಕೆಂಪಾಗುತ್ತದೆ.

ಆ ಸೋಮವಾರ ಎರಡು ಬಾವಿ ಹೆಚ್ಚಿದವು. ಅದಕ್ಕೆ ತಕ್ಕಂತೆ ಜನ ಹೆಚ್ಚಿ, ಮಂಚ ಎಂಬತ್ತಿದ್ದದ್ದು ನೂರಾಯಿತು. ಲೈಫ್‌ಬೋಟಿನ ಸೀಟು ಮಾತ್ರ ಎಂಬತ್ತೇ. ಗೆರೆ ಕೆಂಪಾಯಿತು. ಅವಳು ಮ್ಯಾನೇಜರಿಗೆ ಬರೆದು ತಿಳಿಸಿ ಮನೆಗೆ ಹೋದಳು.

ಮರುದಿನ ನೋಡಿದರೆ ಎಲ್ಲ ಹಸಿರು. ಇನ್ನೊಂದು ದೋಣಿ ಸೇರಿಸಿದರೇನೋ ಎಂದುಕೊಂಡು ಒಳಗೆ ಹುಡುಕಿದಳು. ಸೀಟು ಎಂಬತ್ತೇ ಇತ್ತು. ಮಂಚಕ್ಕೂ ದೋಣಿಗೂ ನಡುವಿನ ಗೆರೆಯನ್ನೇ ಯಾರೋ ಕಿತ್ತಿದ್ದರು.

ನೇರ ಮ್ಯಾನೇಜರ ಕೋಣೆಗೆ ಹೋದಳು. "ಸರ್, ಗೆರೆ ಕಿತ್ತಿದ್ದು ಯಾರು?"

"ನಾನೇ ಕಣಮ್ಮಾ. ನಾಳೆ ದೊಡ್ಡವರು ಬರ್ತಾರೆ. ಕೆಂಪು ತೋರಿಸ್ಕೊಂಡು ಕೂತ್ಕೊಳ್ಳೋಕಾಗುತ್ತಾ? ಇನ್ನೊಂದು ದೋಣಿ ಇಟ್ರೆ ತೂಕ ಮೀರುತ್ತೆ. ಇನ್ನೂ ಶುರುವಲ್ವಾ, ಮುಂದೆ ನೋಡಿದ್ರಾಯ್ತು."

"ಗೆರೆನೇ ಇಲ್ದಿದ್ರೆ ಮುಂದೆ ನೋಡೋರಿಗೆ ಏನು ಕಾಣುತ್ತೆ? ಬೆಂಕಿ ಬಿತ್ತು ಅಂತ ಕೂಗೋನ ಬಾಯಿಗೆ ಬಟ್ಟೆ ತುರುಕಿದ ಹಾಗಾಯ್ತು!"

"ಮಾತು ಜಾಸ್ತಿಯಾಯ್ತು. ಹೋಗಿ ಕೆಲಸ ನೋಡು."

ಅವಳ ಅಣ್ಣ ಅಂಥದೇ ಒಂದು ಕಟ್ಟೆಯ ಮೇಲೆ ಅಡುಗೆಯವನು. ಸಂಜೆ ಅವನಿಗೆ ಫೋನು ಮಾಡಿದಳು. "ಅಣ್ಣಾ, ನಿಮ್ ದೋಣೀಲಿ ಇಪ್ಪತ್ತು ಸೀಟು ಕಮ್ಮಿ ಇದ್ರೆ?"

ಅವನು ಗಹಗಹಿಸಿ ನಕ್ಕ. "ಒಲೆ ಆರಿಸಿ ಓಡಿ ಬರೋ ಹೊತ್ತಿಗೆ ನಾನೇ ಎಲ್ರಿಗಿಂತ ಕೊನೆ ಕಣೇ. ಉಳಿದೋರಿಗೆ ಅಲ್ಲೇ ಅಡುಗೆ ಮಾಡಿ ಹಾಕ್ತೀನಿ ಬಿಡು!"

ಅವಳಿಗೆ ನಗು ಬರಲಿಲ್ಲ. ಅಂಗಾಲಿನಿಂದ ನೆತ್ತಿವರೆಗೆ ಉರಿಯಿತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗೆರೆಯನ್ನು ಮತ್ತೆ ಎಳೆದಳು. ಮೀಟಿಂಗಿನಲ್ಲಿ ಗೋಡೆಯಗಲದ ಪರದೆಯ ಮೇಲೆ ಕೆಂಪು ಎದ್ದು ಕಂಡಿತು. ಮ್ಯಾನೇಜರ ಮುಖ ಕಪ್ಪಿಟ್ಟಿತು.

"ಏನದು?" ಎಂದರು ದೊಡ್ಡ ಮೇಡಂ.

ಅವಳು ಎದ್ದು ನಿಂತಳು. "ನೂರು ಮಂಚ, ಎಂಬತ್ತು ಸೀಟು, ಮೇಡಂ. ಉಳಿದ ಇಪ್ಪತ್ತು ಜನ ಏನ್ಮಾಡ್ಬೇಕು?"

ಮಧ್ಯಾಹ್ನದೊಳಗೆ ಹೊಸದಾಗಿ ಸೇರಿಸಿದ್ದ ಎರಡು ಬಾವಿಗಳನ್ನು ಕೈಬಿಟ್ಟರು. ಮಂಚ ಎಂಬತ್ತಕ್ಕೆ ಇಳಿಯಿತು. ಗೆರೆ ತಾನಾಗಿ ಹಸಿರಾಯಿತು.

ಸಂಜೆ ಮೀಟಿಂಗಿನ ವರದಿ ಬಂತು. ತಪ್ಪನ್ನು ಸಕಾಲದಲ್ಲಿ ಪತ್ತೆ ಹಚ್ಚಿದ ಮ್ಯಾನೇಜರಿಗೆ ಅಭಿನಂದನೆ ಎಂದು ಅದರಲ್ಲಿತ್ತು! ಅವಳು ಅದನ್ನು ಎರಡು ಸಲ ಓದಿದಳು. ಯಾರು, ಎಷ್ಟು ಗಂಟೆಗೆ, ಏನು ಬದಲಿಸಿದರು ಎಂಬುದನ್ನು ಮಾಡೆಲ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಹಾಳೆಯನ್ನು ತೆಗೆದು, "ಗೆರೆ ಕಿತ್ತವರು ಮ್ಯಾನೇಜರು, ಮತ್ತೆ ಎಳೆದವಳು ನಾನು. ವರದಿ ತಿದ್ದಿ" ಎಂದು ಬರೆದು, ಮೀಟಿಂಗಿನಲ್ಲಿ ಕೂತಿದ್ದ ಹನ್ನೊಂದು ಜನರಿಗೂ ಕಳಿಸಿಯೇ ಚೀಲ ಹೆಗಲಿಗೇರಿಸಿದಳು.