ಮೀಟರಿನ ಕೆಂಪಿಗೆ ಹೆದರುತ್ತಿದ್ದವರು

ಪೋರೂರಿನ ಆ ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವರು ಹಾಡುವವರನ್ನು ನೋಡುತ್ತಿರಲಿಲ್ಲ, ಮೀಟರಿನ ಕೆಂಪು ದೀಪವನ್ನೇ ನೋಡುತ್ತಿದ್ದರು. ಸದ್ದು ಮಿತಿ ಮೀರಿದರೆ ಅದು ಹತ್ತಿಕೊಳ್ಳುತ್ತದೆ, ಸ್ವರದ ತುದಿ ಕತ್ತರಿಸಿಹೋಗುತ್ತದೆ. "ಕಮ್ಮಿ ಇದ್ರೆ ಏರಿಸ್ಬೋದು ಪಾ, ಒಡೆದ್ರೆ ಏನ್ ಮಾಡೋದು?" ಎನ್ನುತ್ತಾ ಏಸಿಯಲ್ಲೂ ಬೆವರು ಒರೆಸಿಕೊಳ್ಳುತ್ತಿದ್ದರು. ಜಾಹೀರಾತಿಗೆ ಬೇರೆಯವರ ದನಿ ಅನುಕರಿಸಿ ಕೊಡಲು ಹೋಗುತ್ತಿದ್ದ ನಾನು ಅವರನ್ನು ಬೆವರು ಸಮೇತ ಅಣಕಿಸುತ್ತಿದ್ದೆ. ನನ್ನ ಸ್ವಂತ ದನಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ಅದು ಬೇರೆ ಮಾತು.

ಒಂದು ದಿನ ಒಬ್ಬ ಮಾಮಿ ಬಂದರು. ಮರುದಿನ ಅವರ ಗಂಟಲಿಗೆ ಆಪರೇಷನ್. ಆಮೇಲೆ ಹಾಡಬಹುದೆಂದು ಡಾಕ್ಟರು ಹೇಳಿರಲಿಲ್ಲ. ಮಗಳಿಗಾಗಿ ಒಂದು ದೇವರನಾಮ ಹಾಡಿಡಬೇಕಿತ್ತು, ಎರಡನೆಯ ಸಲಕ್ಕೆ ಗಂಟಲಲ್ಲಿ ಶಕ್ತಿ ಇರಲಿಲ್ಲ. ಪಲ್ಲವಿ ಮುಗಿಸಿ ಅವರು ಉಸಿರು ತೆಗೆದುಕೊಳ್ಳುವಾಗ ಅಣ್ಣ ವೈರು ಸರಿಮಾಡಲು ಬಗ್ಗಿದರು. ನಾನು ಹಾಡುವವರಿಗೆ ಮಾತು ಕೇಳಿಸುವ ಮೈಕಿನ ಗುಂಡಿ ಒತ್ತಿ, ಅಣ್ಣನದೇ ದನಿಯಲ್ಲಿ, "ಇನ್ನೂ ಜೋರಾಗಿ ಮಾಮಿ" ಎಂದೆ. ಮಾಮಿ ನಂಬಿದರು, ಇದ್ದ ಶಕ್ತಿಯನ್ನೆಲ್ಲ ಹಾಕಿ ಮೇಲಕ್ಕೇರಿದರು. ಕೆಂಪು ಹತ್ತಿತು, ಹಾಡು ಮುಗಿಯುವವರೆಗೂ ಆರಲಿಲ್ಲ.

ಅಣ್ಣ ರೆಕಾರ್ಡಿಂಗ್ ಹಾಕಿ ಕೇಳಿಸಿದರು. ಮೇಲಿನ ಸ್ವರವೆಲ್ಲ ಹರಿದುಹೋಗಿತ್ತು. ಗಾಜಿನಾಚೆ ಮಾಮಿ ನೀರು ಕುಡಿಯುತ್ತಿದ್ದರು.

ಅಣ್ಣ ಬಯ್ಯಲಿಲ್ಲ. ಇನ್ನೊಂದು ಟ್ರ್ಯಾಕ್ ತೆರೆದರು. ಅದೇ ಹಾಡು, ಅದೇ ಹೊತ್ತಿಗೆ ಸದ್ದು ತೀರಾ ಕಮ್ಮಿ ಇಟ್ಟು ಹಿಡಿದದ್ದು. ಏರಿಸುತ್ತಾ ಹೋದಂತೆ ಆ ಸ್ವರ ಇಡಿಯಾಗಿ ಬಂತು.

"ಇದನ್ನ ಯಾವಾಗ ಇಟ್ರಿ ಅಣ್ಣಾ?"

"ನೀನು ಬಾಗಿಲು ತೆಗೆದು ಒಳಗೆ ಬಂದ್ಯಲ್ಲ, ಆಗ."