ರಮ್ಯಳ ಪಾಲಿಗೆ ಬಂದ ಅಕ್ಷರ

ಬೆಟ್ಟದಪುರದ ಪಕ್ಕದ ಹಳ್ಳಿಯ ಮಂಚಯ್ಯನ ಮಗಳು ಶಾಂತಲಾ ಇಂಗ್ಲಿಷ್ ಕಲಿತದ್ದು ಒಂದೊಂದೇ ಅಕ್ಷರ ಹಿಡಿದು. ಹುಣಸೂರಿನ ಕಾಲೇಜಿಗೆ ಸೇರಿದ ಹೊಸತರಲ್ಲಿ ಪಾಠ ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಹಳೆಯದೊಂದು ಪದಕೋಶ ಕೊಂಡು, ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ 'ಎ'ಯಿಂದ ಶುರು ಮಾಡಿದಳು. ಒಂದು ಅಕ್ಷರದ ಪದಗಳು ಅರ್ಥಸಮೇತ ಬಾಯಿಗೆ ಬಂದ ಮೇಲೆಯೇ ಮುಂದಿನದು. ಹೀಗೆ ಓದಿ, ಮನೆತನಕ್ಕೆ ಮೊದಲ ಪದವಿ ತಂದಳು. ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಯಿತು. ಅಕ್ಷರಗಳೆಲ್ಲ ಒಂದೇ ಸಮ ಇಲ್ಲ. 'ಎಸ್'ನ ಹಾಳೆಗಳು ಬೆರಳು ದಪ್ಪ. 'ಎಕ್ಸ್' ಅರ್ಧ ಪುಟಕ್ಕೇ ಮುಗಿದುಹೋಗುತ್ತದೆ.

ಈಗ ಅವಳು ರಾವಂದೂರು ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಪೋಷಕರ ಸಭೆಯ ದಿನ ಮಕ್ಕಳಿಂದಲೂ ಅದನ್ನೇ ಮಾಡಿಸಲು ಹೊರಟಳು. ಒಂದು ಮಗುವಿಗೆ ಒಂದು ಅಕ್ಷರ. ಅದರಿಂದ ಶುರುವಾಗುವ ಪದಗಳನ್ನು ಅರ್ಥದೊಂದಿಗೆ ಎಲ್ಲರ ಮುಂದೆ ಹೇಳಬೇಕು. ಚೀಟಿ ಎತ್ತಿಸಬಹುದಿತ್ತು. ಆದರೆ ಶಾಲಾ ಸಮಿತಿಯ ಅಧ್ಯಕ್ಷ ಮಹೇಶ್ಕುಮಾರ್ ಗೇಟಿನ ಹತ್ತಿರ ಬೈಕ್ ನಿಲ್ಲಿಸಿ, "ನಮ್ ತೇಜಸ್‌ಗೆ ಒಳ್ಳೇ ಅಕ್ಷರ ನೋಡಿ ಕೊಡಿ ಮೇಡಂ" ಎಂದು ನಕ್ಕು ಹೋಗಿದ್ದ. ಪ್ರತಿ ಜೂನ್‌ನಲ್ಲಿ ಅವಳ ಕೆಲಸ ಮುಂದುವರಿಯಬೇಕಾದರೆ ಅವನ ಒಂದು ಮಾತು ಬೇಕು. ಶಾಂತಲಾ ತಾನೇ ಅಕ್ಷರ ಹಂಚಿದಳು. ಅವನ ಮಗ ತೇಜಸ್‌ಗೆ 'ಎಸ್' ಸಿಕ್ಕಿತು. ಎಲ್ಲರಿಗೂ ಕೊಟ್ಟು ಉಳಿದ 'ಎಕ್ಸ್' ರಮ್ಯಳಿಗೆ ಹೋಯಿತು. ರಮ್ಯ ಯಾವತ್ತೂ ಏನನ್ನೂ ಕೇಳದ ಹುಡುಗಿ.

ಸಭೆಯಲ್ಲಿ ತೇಜಸ್ ಎದೆಯುಬ್ಬಿಸಿ ಶುರುಮಾಡಿದ. "ಸೀಡ್ ಅಂದ್ರೆ ಬೀಜ, ಸಾಯಿಲ್ ಅಂದ್ರೆ ಮಣ್ಣು, ಸ್ಮೋಕ್ ಅಂದ್ರೆ ಹೊಗೆ, ಸ್ಟ್ಯಾಂಡ್ ಬೈ ಅಂದ್ರೆ ಜೊತೆಗೆ ನಿಲ್ಲೋದು..." ಉಸಿರು ಕಟ್ಟುವ ತನಕ ಹೇಳಿದ. ಚಪ್ಪಾಳೆ ಬಿತ್ತು.

ರಮ್ಯ ಎದ್ದಳು. "ಎಕ್ಸ್‌ರೇ ಅಂದ್ರೆ ಮೂಳೆ ಫೋಟೋ. ಝೈಲೋಫೋನ್ ಅಂದ್ರೆ ಕೋಲಲ್ಲಿ ಬಾರ್ಸೋ ವಾದ್ಯ." ಅಷ್ಟೇ. ಮುಂದೆ ಏನು ಹೇಳಲಿ ಎಂಬಂತೆ ಶಾಂತಲಾಳ ಮುಖ ನೋಡಿದಳು.

"ಯಾಕವ್ವಾ, ಕರೆಂಟ್ ಓಯ್ತಾ?" ಹಿಂದಿನಿಂದ ಯಾರೋ ಅಂದರು. ಸಭೆಯೆಲ್ಲ ನಕ್ಕಿತು.

ಈ ಅಕ್ಷರಕ್ಕೆ ಪದಗಳೇ ಇಲ್ಲ ಎಂದು ಶಾಂತಲಾ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಂದಿನ ಕುರ್ಚಿಯಲ್ಲಿ ಮಹೇಶ್ಕುಮಾರ್ ಕೂತಿದ್ದ. ಹಾಗಾದರೆ ಯಾಕೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ? "ಕೂತ್ಕೋ ರಮ್ಯ" ಎಂದಳು ಶಾಂತಲಾ.

ಸಭೆ ಮುಗಿದ ಮೇಲೆ, ಕೂಲಿ ಬಿಟ್ಟು ಬಂದಿದ್ದ ರಮ್ಯಳ ತಾಯಿ ಕುಳ್ಳಮ್ಮ ಶಾಂತಲಾಳನ್ನು ಬಾಗಿಲಲ್ಲಿ ತಡೆದಳು. "ಎಲ್ಲಾ ಮಕ್ಳೂ ಅಷ್ಟುದ್ದ ಯೋಳ್ತವೆ, ನಮ್ಮುಡ್ಗಿಗೆ ಎರಡೇಯಾ ಮೇಡಮ್ಮೋರೆ? ಓದಾಕಿಲ್ವಾ ಇದು?" ಎಂದು ಮಗಳ ತಲೆಗೆ ಮೊಟಕಿದಳು. ಶಾಂತಲಾ ಬಾಯಿ ತೆರೆಯುವ ಮೊದಲೇ ರಮ್ಯ, "ನಾನೇ ಕಲೀಲಿಲ್ಲ ಕಣವ್ವ" ಎಂದಳು.

ಆ ಮಾತು ಶಾಂತಲಾಳ ತಲೆಯಿಂದ ಹೋಗಲಿಲ್ಲ. ವಾರ ಕಳೆಯುವುದರೊಳಗೆ ಶಾಲೆ ಬಿಟ್ಟ ಮೇಲೆ ಅವಳು ಕುಳ್ಳಮ್ಮನನ್ನು ಹುಡುಕಿಕೊಂಡು ಹೋದಳು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಹೆಂಗಸರ ಜೊತೆ ಕೂತು ಕುಳ್ಳಮ್ಮ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಶಾಂತಲಾ ನಿಂತೇ ಎಲ್ಲ ಹೇಳಿದಳು. ರಮ್ಯಳದು ತಪ್ಪಿಲ್ಲ, ಆ ಅಕ್ಷರದಲ್ಲಿ ಪದಗಳೇ ಇಲ್ಲ, ಅದು ಗೊತ್ತಿದ್ದೂ ತಾನೇ ಕೊಟ್ಟೆ ಎಂದಳು.

ಕುಳ್ಳಮ್ಮ ಕೈಯಲ್ಲಿದ್ದ ಕಡ್ಡಿ ಮುಗಿಸಿ ಪಕ್ಕಕ್ಕಿಟ್ಟಳು. ಅಂಟು ಮೆತ್ತಿ ಕಪ್ಪಾದ ಬೆರಳುಗಳನ್ನು ಸೆರಗಿಗೆ ತಾಗದಂತೆ ಎತ್ತಿ ಹಿಡಿದಳು.

"ಸುಮ್ಸುಮ್ನೆ ಒಡ್ದುಬುಟ್ನಲ್ಲ ಮಗೀನ" ಎಂದಳು. ಇನ್ನೊಂದು ಕಡ್ಡಿ ಎತ್ತಿಕೊಂಡು, "ಇಲ್ಲಿ ಯಾರೂ ನಗ್ಲಿಲ್ಲ ಮೇಡಮ್ಮೋರೆ. ನಕ್ಕೋರ ಮುಂದೆ ಓಗಿ ಯೋಳಿ" ಎಂದಳು.

ಶಾಂತಲಾ ತಲೆ ತಗ್ಗಿಸಿ ರಸ್ತೆಗೆ ಬಂದಳು. ಅರಳಿಕಟ್ಟೆಯಲ್ಲಿ ತೇಜಸ್ ಕೂಗುತ್ತಿದ್ದ: "ಲೇ ಎಕ್ಸ್‌ರೇ, ಆಟಕ್ಕೆ ಬಾರೇ!"

"ಬತ್ತೀನಿ ಇರ್ಲಾ" ಎಂದು ರಮ್ಯ ಓಡಿಬಂದಳು. ಅದೇ ತನ್ನ ಹೆಸರು ಎಂಬಂತೆ.

ರಾವಂದೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಶಾಂತಲಾಳನ್ನು ನೋಡಿ ಸ್ವಲ್ಪ ಕಾದ. ಅವಳು ಹತ್ತಲಿಲ್ಲ. ಅಧ್ಯಕ್ಷರ ಮನೆಯ ಕಡೆ ನಡೆದಳು.

"ಏನ್ ಮೇಡಂ, ಬಸ್ ತಪ್ಪೋಯ್ತಾ?" ಗೇಟಿನ ಸದ್ದಿಗೆ ಮಹೇಶ್ಕುಮಾರ್ ಜಗಲಿಯಿಂದಲೇ ಕೇಳಿದ.

"ಇಲ್ಲ ಸರ್. ಅಕ್ಷರ ಹಂಚಿದ್ದರ ಬಗ್ಗೆ ಮಾತಾಡಬೇಕಿತ್ತು" ಎಂದಳು. ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು.